ಹಿರಿಯರ ಆರೈಕೆಯ ನರ್ಸ್‌ಗಳಿಗೆ ತರಬೇತಿ ಮತ್ತು ಮಾರ್ಗದರ್ಶನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ವೃದ್ಧರ ಆರೈಕೆ ಕೇಂದ್ರಗಳಲ್ಲಿ ದುಡಿಯುವ ನರ್ಸ್‌ಗಳಿಂದ ಮತ್ತು ಅವರ ಮೇಲ್ವಿಚಾರಕರಿಂದ ಬಂದವು. ಹೆಸರು ಪ್ರಕಟಿಸಬಾರದೆಂದು ಹಲವರು ಕೋರಿರುವುದರಿಂದ ಯಾರ ಹೆಸರನ್ನೂ ಕೊಟ್ಟಿಲ್ಲ. ಒಂದೇ ವಿಷಯದ ಪತ್ರಗಳನ್ನು ಸೇರಿಸಿ, ಸಂಕ್ಷೇಪಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಹಲವು ವರ್ಷ ಕೆಲಸ ಮಾಡಿ ಈಚೆಗೆ ವೃದ್ಧರ ಆರೈಕೆ ಕೇಂದ್ರವೊಂದನ್ನು ಸೇರಿದ್ದೇನೆ. ಸೇರಿದ ಕೂಡಲೇ ವಿಶೇಷ ತರಬೇತಿಗೆ ಹೋಗಬೇಕೆಂದರು. ಇಂಜೆಕ್ಷನ್, ಡ್ರೆಸ್ಸಿಂಗ್, ಕ್ಯಾತಿಟರ್ ಎಲ್ಲ ಬರುವವಳಿಗೆ ಮತ್ತೆ ತರಬೇತಿ ಏಕೆ? ಹಳೆಯ ಸಹೋದ್ಯೋಗಿಗಳಂತೂ ‘ಅಲ್ಲಿ ಕೆಲಸ ಹಗುರ’ ಎನ್ನುತ್ತಾರೆ.

ಉತ್ತರ: ನಿಮ್ಮ ಕೈಕೆಲಸದ ಬಗ್ಗೆ ಯಾರಿಗೂ ಅನುಮಾನವಿರಲಾರದು, ವಾರ್ಡಿನಲ್ಲಿ ಕಲಿತದ್ದು ಯಾವುದೂ ವ್ಯರ್ಥವಾಗುವುದೂ ಇಲ್ಲ. ಆದರೆ ಅಲ್ಲಿ ಕಾಯಿಲೆ ತಾನಾಗಿಯೇ ಸುಳಿವು ಕೊಡುತ್ತಿತ್ತು. ಸೋಂಕಾದರೆ ಜ್ವರ ಏರುತ್ತಿತ್ತು, ರಕ್ತಸ್ರಾವವಾದರೆ ನಾಡಿ ಓಡುತ್ತಿತ್ತು, ನೋವಾದರೆ ರೋಗಿಯೇ ನಿಮ್ಮನ್ನು ಕರೆಯುತ್ತಿದ್ದರು. ಎಂಬತ್ತು ದಾಟಿದ ದೇಹದಲ್ಲಿ ಈ ಸುಳಿವುಗಳೆಲ್ಲ ಮಂಕಾಗಿರುತ್ತವೆ. ನ್ಯುಮೋನಿಯಾ ಆದವರಿಗೆ ಜ್ವರವೇ ಬಾರದಿರಬಹುದು. ಹೃದಯಾಘಾತವಾದವರು ಎದೆನೋವಿನ ಮಾತೆತ್ತದೆ ಬರೀ ಸುಸ್ತು, ಉಸಿರು ಸಾಲದು ಎನ್ನಬಹುದು. ಬಾಯಾರಿಕೆಯ ಅರಿವೇ ಕಡಿಮೆಯಾಗಿ, ಮೈಯಲ್ಲಿ ನೀರಿನಂಶ ಇಳಿಯುತ್ತಿದ್ದರೂ ನೀರು ಕೇಳದಿರಬಹುದು. ಮೂತ್ರಪಿಂಡಗಳು ನಿಧಾನಗೊಂಡಿರುವುದರಿಂದ ಕೆಲವು ಔಷಧಿಗಳು ಮೈಯಲ್ಲಿ ಹೆಚ್ಚು ಹೊತ್ತು ಉಳಿದು, ನಡುವಯಸ್ಸಿನವರಿಗೆ ಒಗ್ಗುವ ಪ್ರಮಾಣವೇ ಇವರಿಗೆ ಹೆಚ್ಚಾಗುತ್ತದೆ. ವೃದ್ಧರಿಗೆ ಅಪಾಯ ತರಬಲ್ಲ ಔಷಧಿಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲಿ ಮೊದಲು ಸಿದ್ಧಪಡಿಸಿದ್ದೇ ದೀರ್ಘಕಾಲದ ಆರೈಕೆ ಕೇಂದ್ರಗಳ ನಿವಾಸಿಗಳನ್ನು ಮುಂದಿಟ್ಟುಕೊಂಡು ಎಂಬುದನ್ನು ಇಲ್ಲಿ ನೆನೆಯಬಹುದು.

ಒಂದು ಉದಾಹರಣೆ ನೋಡಿ. ದಿನವೂ ಬೆಳಿಗ್ಗೆ ತಾವೇ ತಲೆ ಬಾಚಿಕೊಂಡು ಕಿಟಕಿಯ ಪಕ್ಕದ ಕುರ್ಚಿಗೆ ಬಂದು ಕೂರುವ ಅಜ್ಜಿಯೊಬ್ಬರು ಇಂದು ಬಾಚಣಿಗೆಯನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲೇ ಕುಳಿತಿದ್ದಾರೆ. ಕೇಳಿದ್ದಕ್ಕೆಲ್ಲ ‘ಹೂಂ’ ಎನ್ನುತ್ತಾರೆ, ಮಾತಿನ ನಡುವೆ ಕಣ್ಣು ಮುಚ್ಚುತ್ತಾರೆ. ಜ್ವರವಿಲ್ಲ, ಬಿ.ಪಿ. ಸರಿಯಾಗಿದೆ. ರಾತ್ರಿ ಪಾಳಿಯವರು ಕೇಸ್‌ಶೀಟಿನಲ್ಲಿ ‘ಶಾಂತವಾಗಿದ್ದಾರೆ, ಚೆನ್ನಾಗಿ ನಿದ್ರೆ ಮಾಡಿದ್ದಾರೆ’ ಎಂದು ಬರೆದಿದ್ದಾರೆ. ಇದು ಸದ್ದಿಲ್ಲದ ಡೆಲಿರಿಯಂ, ಅಂದರೆ ಹಠಾತ್ತನೆ ಕವಿಯುವ ಮನಸ್ಸಿನ ಗೊಂದಲ, ಆಗಿರಬಹುದು. ಕೂಗಾಡುವ, ನಳಿಕೆ ಕಿತ್ತುಕೊಳ್ಳುವ ಡೆಲಿರಿಯಂ ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಬಗೆಯದು ಯಾರಿಗೂ ತೊಂದರೆ ಕೊಡದಿರುವುದರಿಂದಲೇ ತಪ್ಪಿಹೋಗುತ್ತದೆ. ವೈದ್ಯೆ ಶರಾನ್ ಇನೂಯೆ ಮತ್ತು ಸಂಗಡಿಗರು 1990ರಲ್ಲಿ ರೂಪಿಸಿದ ಪರೀಕ್ಷಾ ವಿಧಾನ ನಾಲ್ಕು ಸಂಗತಿಗಳನ್ನು ನೋಡಲು ಹೇಳುತ್ತದೆ: ಬದಲಾವಣೆ ಹಠಾತ್ತನೆ ಬಂದು ಏರಿಳಿಯುತ್ತಿದೆಯೇ, ಗಮನ ನಿಲ್ಲುತ್ತಿಲ್ಲವೇ, ಯೋಚನೆ ಚದುರಿದೆಯೇ, ಎಚ್ಚರದ ಮಟ್ಟದಲ್ಲಿ ವ್ಯತ್ಯಾಸವಿದೆಯೇ. ಮೊದಲೆರಡರ ಜೊತೆಗೆ ಉಳಿದೆರಡರಲ್ಲಿ ಒಂದಿದ್ದರೂ ಡೆಲಿರಿಯಂ ಎಂದು ಶಂಕಿಸಬೇಕು. ಆಮೇಲೆ ಕಾರಣ ಹುಡುಕಬೇಕು: ನಿದ್ರೆಮಾತ್ರೆ ಹೊಸದಾಗಿ ಶುರುವಾಯಿತೇ, ಮಲಬದ್ಧತೆಯೇ, ಮೂತ್ರ ಕಟ್ಟಿದೆಯೇ, ಎಲ್ಲಾದರೂ ನೋವಿದೆಯೇ, ಶ್ರವಣಯಂತ್ರದ ಬ್ಯಾಟರಿ ಮುಗಿದಿದೆಯೇ. ಮೂತ್ರಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಕೂಡಲೇ ಗೊಂದಲಕ್ಕೆಲ್ಲ ಅದೇ ಕಾರಣವೆಂದು ಫೈಲು ಮುಚ್ಚುವ ಅಭ್ಯಾಸ ಅನೇಕ ಕಡೆ ಇದೆ. ಇಂಥ ಕೇಂದ್ರಗಳಲ್ಲಿರುವ ವೃದ್ಧರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಯಾವ ತೊಂದರೆಯನ್ನೂ ಕೊಡದ ಬ್ಯಾಕ್ಟೀರಿಯಾ ಮೂತ್ರದಲ್ಲಿರುವುದು ಬಹಳ ಸಾಮಾನ್ಯವೆಂಬುದನ್ನೂ ತರಬೇತಿಯಲ್ಲೇ ಕಲಿಯಬೇಕಾಗುತ್ತದೆ.

ಆ ಅಜ್ಜಿಯಲ್ಲಿ ನಿನ್ನೆಗೂ ಇಂದಿಗೂ ಆದ ವ್ಯತ್ಯಾಸವನ್ನು ಗುರುತಿಸುವುದು, ಗುರುತಿಸಿದ್ದನ್ನು ವೈದ್ಯರು ಕಿವಿಗೊಡುವಂತೆ ಹೇಳುವುದು, ಇವೆರಡೇ ಈ ಕ್ಷೇತ್ರದ ತಿರುಳು. ವೈದ್ಯರು ಸದಾ ಪಕ್ಕದಲ್ಲಿ ಇಲ್ಲದ ಕಡೆ ಆ ತೀರ್ಮಾನದ ಭಾರವೆಲ್ಲ ನರ್ಸ್ ಮೇಲೆಯೇ ಬೀಳುತ್ತದೆ. ಹಗುರ ಎಂದವರು ಒಂದು ರಾತ್ರಿ ಪಾಳಿ ಮಾಡಿ ನೋಡಲಿ.

ಪ್ರಶ್ನೆ: ನಾನು ನರ್ಸಿಂಗ್ ಮೇಲ್ವಿಚಾರಕಿ. ಹೊಸಬರನ್ನು ಹಿರಿಯ ನರ್ಸ್ ಒಬ್ಬರ ಜೊತೆ ಮೂರು ದಿನ ಬಿಟ್ಟು, ಆಮೇಲೆ ಸ್ವತಂತ್ರವಾಗಿ ಪಾಳಿಗೆ ಹಾಕುತ್ತೇವೆ. ಅನೇಕರು ವರ್ಷ ತುಂಬುವುದರೊಳಗೆ ಬಿಟ್ಟುಹೋಗುತ್ತಾರೆ. ಮಾರ್ಗದರ್ಶನದ ವ್ಯವಸ್ಥೆಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಮೂರು ದಿನಗಳಲ್ಲಿ ಔಷಧಿ ಕಪಾಟಿನ ಬೀಗದ ಕೈ ಎಲ್ಲಿದೆ, ಯಾವ ನಮೂನೆಯನ್ನು ಯಾವಾಗ ತುಂಬಬೇಕು ಎಂಬಷ್ಟು ತಿಳಿಯುತ್ತದೆ. ನಿಮ್ಮಲ್ಲಿರುವುದು ಕೆಲಸ ತೋರಿಸಿಕೊಡುವ ವ್ಯವಸ್ಥೆ. ಅದು ಬೇಕೇಬೇಕು, ಕೆಲವು ವಾರಗಳಿಗೆ ವಿಸ್ತರಿಸಲೂಬೇಕು. ಮಾರ್ಗದರ್ಶನ ಅದಕ್ಕಿಂತ ಬೇರೆ ಬಗೆಯ, ತಿಂಗಳುಗಟ್ಟಲೆ ನಡೆಯುವ ನಂಟು. ಹೊಸಬರು ತಮಗೆ ತಿಳಿಯದ್ದನ್ನು, ಭಯಪಟ್ಟದ್ದನ್ನು, ಒಪ್ಪಲಾಗದ್ದನ್ನು ಯಾರೊಬ್ಬರ ಮುಂದೆ ನಿರ್ಭಯವಾಗಿ ಹೇಳಬಹುದೋ ಅವರೇ ಮಾರ್ಗದರ್ಶಕರು. ಆದ್ದರಿಂದ ವರ್ಷದ ಕೊನೆಗೆ ಆ ಹೊಸಬರ ಕೆಲಸಕ್ಕೆ ಅಂಕ ಹಾಕುವವರು ಮಾರ್ಗದರ್ಶಕರಾಗಬಾರದು. ನೀವೇ ಆ ಹೊಣೆ ಹೊರಲು ಹೊರಟರೆ, ಎಷ್ಟೇ ಒಳ್ಳೆಯವರಾಗಿದ್ದರೂ ನಿಮ್ಮ ಮುಂದೆ ಅರ್ಧ ಮಾತು ಮಾತ್ರ ಹೊರಬರುತ್ತದೆ.

ಓದಿ ಬಂದದ್ದಕ್ಕೂ ವಾರ್ಡಿನಲ್ಲಿ ಕಾಣುವುದಕ್ಕೂ ಇರುವ ಅಂತರ ಹೊಸ ನರ್ಸ್‌ಗಳನ್ನು ಹೇಗೆ ಕಂಗೆಡಿಸುತ್ತದೆ ಎಂಬುದನ್ನು ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲೇ ವಿವರವಾಗಿ ತೋರಿಸಿದ್ದರು. ಅದಾದ ಹತ್ತು ವರ್ಷಕ್ಕೆ, 1984ರಲ್ಲಿ, ಪೆಟ್ರೀಶಿಯಾ ಬೆನ್ನರ್ ನರ್ಸ್‌ಗಳ ಕಲಿಕೆಯನ್ನು ಐದು ಹಂತಗಳಲ್ಲಿ ವಿವರಿಸಿದರು: ಹೊಸಬರು, ಸ್ವಲ್ಪ ಪಳಗಿದವರು, ಸಮರ್ಥರು, ನಿಪುಣರು, ಪರಿಣತರು. ಈ ವಿವರಣೆಯಲ್ಲಿ ಮೇಲ್ವಿಚಾರಕರು ಗಮನಿಸಬೇಕಾದ ಅಂಶವೆಂದರೆ, ಒಂದು ಕ್ಷೇತ್ರದಲ್ಲಿ ಪರಿಣತರಾದವರೂ ಅನುಭವವಿಲ್ಲದ ಇನ್ನೊಂದು ಕ್ಷೇತ್ರಕ್ಕೆ ಬಂದಾಗ ಮತ್ತೆ ಹೊಸಬರೇ. ಹತ್ತು ವರ್ಷ ತೀವ್ರನಿಗಾ ಘಟಕದಲ್ಲಿದ್ದವರಿಗೆ ಮಾರ್ಗದರ್ಶಕರು ಬೇಡವೆಂದು ಬಿಟ್ಟುಬಿಡುವುದು ಸಾಮಾನ್ಯ. ಅವರೋ, ಕೇಳಲು ಸಂಕೋಚಪಟ್ಟು ಎಲ್ಲರಿಗಿಂತ ಒಂಟಿಯಾಗುತ್ತಾರೆ.

ಇನ್ನು ಆರಂಭದ ಮಾತು. ಮೊದಲು ಕೈಹಾಕಬೇಕಾದದ್ದು ಡ್ಯೂಟಿ ಚಾರ್ಟಿಗೆ. ಮಾರ್ಗದರ್ಶಕರಾಗುವವರಿಗೆ ಆ ಪಾಳಿಯಲ್ಲಿ ವಹಿಸುವ ನಿವಾಸಿಗಳ ಸಂಖ್ಯೆಯನ್ನು ಕಡಿಮೆ ಮಾಡದೆ ‘ಜೊತೆಗೆ ಇವರನ್ನೂ ನೋಡಿಕೊಳ್ಳಿ’ ಎಂದರೆ, ಕಲಿಸುವುದು ಹೊರೆಯಾಗಿ, ಹೊಸಬರು ಸಾಮಾನು ಎತ್ತಿಕೊಡುವವರಾಗಿ ಉಳಿಯುತ್ತಾರೆ. ಇಬ್ಬರೂ ಒಂದೇ ಪಾಳಿಯಲ್ಲಿರಬೇಕು. ಹೇಳಲು ಇದು ಸಣ್ಣ ಮಾತು, ಆದರೆ ಒಬ್ಬರಿಗೆ ಹಗಲು, ಇನ್ನೊಬ್ಬರಿಗೆ ರಾತ್ರಿ ಡ್ಯೂಟಿ ಬಿದ್ದು ತಿಂಗಳಿಡೀ ಮುಖವನ್ನೇ ನೋಡದ ಜೋಡಿಗಳು ಕಡಿಮೆಯಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ, ಯಾರೂ ಕರೆಯದ ಕೋಣೆಯಲ್ಲಿ, ಸಂಬಳದ ಸಮಯದಲ್ಲೇ ಕುಳಿತು ಮಾತಾಡಲು ಅವಕಾಶ ಕೊಡಿ. ಜೋಡಿ ಹೊಂದದಿದ್ದರೆ ಕಾರಣ ಕೇಳದೆ ಬದಲಿಸುವ ದಾರಿಯೂ ಇರಲಿ. ಒಬ್ಬರೇ ನಿಭಾಯಿಸಬೇಕಾದ ಮೊದಲ ರಾತ್ರಿ ಪಾಳಿ ಆದಷ್ಟು ತಡವಾಗಿ ಬರಲಿ. ಬಂದ ರಾತ್ರಿ ಫೋನ್ ಮಾಡಿದರೆ ಬೇಸರಿಸದೆ ಎತ್ತುವವರು ಯಾರೆಂಬುದು ಅವರಿಗೆ ಮೊದಲೇ ತಿಳಿದಿರಲಿ.

ವೈದ್ಯರಿಗೆ ಫೋನ್ ಮಾಡುವುದನ್ನೂ ಅಭ್ಯಾಸ ಮಾಡಿಸಬೇಕು. ‘ಡಾಕ್ಟರೇ, ಅಜ್ಜಿ ಯಾಕೋ ಸರಿಯಿಲ್ಲ’ ಎಂದು ಶುರುಮಾಡಿದರೆ ಅತ್ತಲಿಂದ ‘ನಾಳೆ ನೋಡೋಣ’ ಎಂಬ ಉತ್ತರ ಬರುವುದೇ ಹೆಚ್ಚು. ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ ಎಂಬ ಕ್ರಮದಲ್ಲಿ ಹೇಳುವ ಪದ್ಧತಿ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದದ್ದು. ‘ನಿನ್ನೆಯವರೆಗೆ ತಾವೇ ಎದ್ದು ಓಡಾಡುತ್ತಿದ್ದವರು ಇಂದು ಬೆಳಿಗ್ಗೆಯಿಂದ ತೂಕಡಿಸುತ್ತಿದ್ದಾರೆ, ಮೊನ್ನೆಯಿಂದ ಹೊಸ ನಿದ್ರೆಮಾತ್ರೆ ನಡೆಯುತ್ತಿದೆ, ಡೆಲಿರಿಯಂ ಇರಬಹುದೆಂದು ನನ್ನ ಅಂದಾಜು, ಇಂದೇ ಬಂದು ನೋಡಬೇಕು, ಅಲ್ಲಿಯವರೆಗೆ ಆ ಮಾತ್ರೆ ನಿಲ್ಲಿಸಲೇ?’ ಎಂದು ಕೇಳಿದರೆ ವೈದ್ಯರು ಆ ಕ್ಷಣವೇ ಏನಾದರೊಂದು ಹೇಳಲೇಬೇಕಾಗುತ್ತದೆ. ಈ ನಾಲ್ಕು ವಾಕ್ಯಗಳನ್ನು ಮಾರ್ಗದರ್ಶಕರ ಎದುರು ಜೋರಾಗಿ ಹೇಳಿ ನೋಡಿದವರಿಗೆ ನಡುರಾತ್ರಿ ಮಾತು ತಡವರಿಸುವುದಿಲ್ಲ.

ಪ್ರಶ್ನೆ: ನನ್ನನ್ನು ಮಾರ್ಗದರ್ಶಕಿಯಾಗಿ ನೇಮಿಸಿದ್ದಾರೆ. ಕೆಲಸ ಬರುತ್ತದೆ, ಪಾಠ ಹೇಳಲು ಬರುವುದಿಲ್ಲ. ಹೊಸ ಹುಡುಗಿ ನನಗಿಂತ ಹೆಚ್ಚು ಓದಿಕೊಂಡಿದ್ದಾಳೆ. ಅವಳು ತಪ್ಪು ಮಾಡಿದಾಗ ಹೇಗೆ ಹೇಳಬೇಕೆಂದೇ ತಿಳಿಯುವುದಿಲ್ಲ.

ಉತ್ತರ: ಪಾಠ ಹೇಳುವ ಅಗತ್ಯವೇ ಇಲ್ಲ, ಮನಸ್ಸಿನಲ್ಲಿ ಯೋಚಿಸುವುದನ್ನು ಬಾಯಿಬಿಟ್ಟು ಯೋಚಿಸಿದರೆ ಸಾಕು. ಅನುಭವಿಗಳ ತೊಂದರೆಯೆಂದರೆ ತಾವು ಏನನ್ನು ನೋಡಿ ತೀರ್ಮಾನಕ್ಕೆ ಬಂದೆವೆಂಬುದು ಅವರಿಗೇ ನೆನಪಿರುವುದಿಲ್ಲ. ನೀವು ಕೋಣೆಗೆ ಕಾಲಿಟ್ಟೊಡನೆ ‘ಇವರು ಇಂದು ಬಲಗೈಯಲ್ಲಿ ಲೋಟ ಹಿಡಿದಿಲ್ಲ, ಯಾಕೆ?’ ಎಂದು ಅವಳ ಕಿವಿಗೆ ಬೀಳುವಂತೆ ಹೇಳಿದರೆ, ಎಷ್ಟು ಓದಿದರೂ ಸಿಗದ ಒಂದು ವಿಷಯ ಅವಳಿಗೆ ಸಿಕ್ಕಿತು.

ತಪ್ಪಿನ ಮಾತಿಗೆ ಬರೋಣ. ನುಂಗಲು ಕಷ್ಟಪಡುವ ತಾತನಿಗೆ ಕೊಡಲೆಂದು ಅವಳು ಮಾತ್ರೆಗಳನ್ನೆಲ್ಲ ಒಟ್ಟಿಗೆ ಪುಡಿಮಾಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ ಒಂದು ನಿಧಾನವಾಗಿ ಕರಗಿ ದಿನವಿಡೀ ಔಷಧಿ ಬಿಡುವಂಥ ಬಿ.ಪಿ. ಮಾತ್ರೆ. ಪುಡಿಯಾದರೆ ಇಡೀ ದಿನದ ಪ್ರಮಾಣ ಒಮ್ಮೆಲೇ ರಕ್ತಕ್ಕೆ ಸೇರಿ ಒತ್ತಡ ಕುಸಿಯಬಹುದು. ಇಲ್ಲಿ ಮೊದಲು ಕೈ ತಡೆಯಬೇಕು. ನಿವಾಸಿಯ ಸುರಕ್ಷತೆಯ ವಿಷಯದಲ್ಲಿ ಸಂಕೋಚಕ್ಕೆ ಜಾಗವಿಲ್ಲ. ‘ಸ್ವಲ್ಪ ನಿಲ್ಲು, ಈ ಮಾತ್ರೆಯ ಪಟ್ಟಿಯ ಮೇಲೆ ಏನು ಬರೆದಿದೆ ನೋಡೋಣ’ ಎಂದರೆ ಅಷ್ಟು ಸಾಕು. ಉಳಿದ ಮಾತು ತಾತನ ಎದುರಿಗಲ್ಲ, ಆಮೇಲೆ ಬೇರೆ ಕಡೆ. ಅಲ್ಲಿಯೂ ‘ಯಾಕೆ ಹೀಗೆ ಮಾಡಿದೆ?’ ಎಂದು ಕೇಳಿದರೆ ಅವಳು ಸಮರ್ಥನೆಗೆ ಇಳಿಯುತ್ತಾಳೆ. ‘ಪುಡಿಮಾಡುವ ಮುಂಚೆ ನಿನ್ನ ತಲೆಯಲ್ಲಿ ಏನು ನಡೆಯುತ್ತಿತ್ತು?’ ಎಂದು ಕೇಳಿದರೆ, ಪುಡಿಮಾಡಬಾರದ ಮಾತ್ರೆಗಳಿವೆಯೆಂಬುದೇ ತಿಳಿದಿರಲಿಲ್ಲವೋ, ತಿಳಿದೂ ಅವಸರದಲ್ಲಿ ನೋಡಲಿಲ್ಲವೋ, ಕೇಳಲು ಹೆದರಿದಳೋ ಎಂಬುದು ಗೊತ್ತಾಗುತ್ತದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ನುಂಗುವ ತೊಂದರೆಯೇ ಇದ್ದರೆ ದ್ರವರೂಪದ ಅಥವಾ ಬದಲಿ ಔಷಧಿಗಾಗಿ ವೈದ್ಯರನ್ನೋ ಔಷಧಿ ತಜ್ಞರನ್ನೋ ಕೇಳುವ ಕೆಲಸವನ್ನು ಅವಳಿಂದಲೇ ಮಾಡಿಸಿ.

ಓದಿನಲ್ಲಿ ಅವಳು ಮುಂದಿದ್ದರೆ ಅದನ್ನು ನಿಮ್ಮ ಲಾಭವೆಂದುಕೊಳ್ಳಿ. ಹೊಸ ವಿಷಯವಿದ್ದರೆ ತಾನಾಗಿ ತಂದು ಹೇಳಲಿ. ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಅವಳ ಎದುರಿಗೇ ಹೇಳಿದರೆ, ತಾನೂ ಹಾಗೆ ಹೇಳಬಹುದೆಂಬ ಧೈರ್ಯ ಅವಳಿಗೆ ಬರುತ್ತದೆ.

ಪ್ರಶ್ನೆ: ಡೆಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ನಿವಾಸಿಯೊಬ್ಬರು ಸ್ನಾನಕ್ಕೆ ಕರೆದೊಯ್ದರೆ ಕೈಬೀಸಿ ಹೊಡೆಯುತ್ತಾರೆ. ಇಬ್ಬರು ಹಿಡಿದುಕೊಂಡು ಸ್ನಾನ ಮುಗಿಸುತ್ತೇವೆ. ತರಬೇತಿಯಲ್ಲಿ ‘ಪ್ರೀತಿಯಿಂದ ನಡೆದುಕೊಳ್ಳಿ’ ಎಂದು ಹೇಳಿದರು. ಅದರಿಂದ ಏನೂ ಬದಲಾಗಲಿಲ್ಲ.

ಉತ್ತರ: ಬದಲಾಗದಿರುವುದು ಸಹಜ. ಪ್ರೀತಿಯಿಂದಿರಿ ಎನ್ನುವುದು ಹಾರೈಕೆ. ಸ್ನಾನದ ಮನೆಯಲ್ಲಿ ನಿಂತಾಗ ಏನು ಮಾಡಬೇಕೆಂಬುದನ್ನು ಅದು ಹೇಳುವುದಿಲ್ಲ. ಡೆಮೆನ್ಶಿಯಾ ಇರುವವರ ವ್ಯಕ್ತಿತ್ವವನ್ನು ಕೇಂದ್ರವಾಗಿಟ್ಟುಕೊಂಡ ಆರೈಕೆಯ ವಿಚಾರವನ್ನು ಬ್ರಿಟನ್ನಿನ ಟಾಮ್ ಕಿಟ್‌ವುಡ್ ಕಳೆದ ಶತಮಾನದ ಕೊನೆಯಲ್ಲಿ ಬೆಳೆಸಿದರು. ಕಾಯಿಲೆಯಷ್ಟೇ ಅಲ್ಲದೆ, ಸುತ್ತಲಿನವರು ಅವಸರಪಡಿಸುವುದು, ಅವರ ಎದುರಿಗೇ ಅವರಿಲ್ಲವೆಂಬಂತೆ ಮಾತಾಡಿಕೊಳ್ಳುವುದು, ಮಗುವಿನಂತೆ ಗದರಿಸುವುದು ಕೂಡ ಅವರನ್ನು ಕುಗ್ಗಿಸುತ್ತದೆ ಎಂಬುದು ಕಿಟ್‌ವುಡ್ ಅವರ ವಾದ. ಈ ವಾದ ಕೆಲಸಕ್ಕೆ ಇಳಿಯಬೇಕಾದರೆ ಹೊಡೆತವನ್ನು ಒಂದು ಸಂದೇಶವೆಂದು ಓದಲು ಕಲಿಯಬೇಕು.

ಬಟ್ಟೆ ಬಿಚ್ಚುವಾಗ ಹೊಡೆಯುತ್ತಾರೋ, ನೀರು ಮೈಗೆ ತಾಗಿದಾಗಲೋ, ಕೈ ಮೇಲೆತ್ತಿಸುವಾಗಲೋ? ಮೂರಕ್ಕೂ ಕಾರಣ ಬೇರೆಯಿರಬಹುದು. ಬಟ್ಟೆ ಬಿಚ್ಚುವಾಗಲಾದರೆ, ಅವರ ಪಾಲಿಗೆ ಅಪರಿಚಿತರೊಬ್ಬರು ಮೈಮೇಲೆ ಕೈಹಾಕುತ್ತಿದ್ದಾರೆ. ಟವೆಲ್ ಹೊದಿಸಿ, ಒಂದೊಂದೇ ಭಾಗ ತೆರೆದು ತೊಳೆಯುವುದರಿಂದ ಎಷ್ಟೋ ಜನ ಸುಮ್ಮನಾಗುತ್ತಾರೆ. ನೀರು ತಾಗಿದಾಗಲಾದರೆ, ತಲೆಯ ಮೇಲಿಂದ ಸುರಿಯುವ ನೀರಿನ ಸದ್ದು ಮತ್ತು ಚಳಿ ಭಯ ತರುತ್ತಿರಬಹುದು. ಕೈ ಎತ್ತಿಸುವಾಗ ಮಾತ್ರವಾದರೆ ಭುಜದ ನೋವನ್ನು ಶಂಕಿಸಿ. ಮಾತಿನಲ್ಲಿ ನೋವು ಹೇಳಲಾಗದವರಿಗಾಗಿ 2003ರಲ್ಲಿ ಪ್ರಕಟವಾದ ಒಂದು ಅಳತೆಗೋಲಿದೆ: ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗುವು, ಸಮಾಧಾನಕ್ಕೆ ಒಗ್ಗುತ್ತಾರೆಯೇ ಎಂಬ ಐದು ಅಂಶಗಳಿಗೆ ತಲಾ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ಸುಮ್ಮನಿರುವಾಗ ಒಮ್ಮೆ, ಮೈ ಅಲುಗಿಸುವಾಗ ಒಮ್ಮೆ ನೋಡಿ. ಅಂಕ ಏರಿದರೆ ವೈದ್ಯರೊಡನೆ ಮಾತಾಡಿ, ಸ್ನಾನಕ್ಕೆ ಮುಂಚೆ ನೋವಿನ ಔಷಧಿ ಕೊಡಬಹುದೇ ಎಂದು ವಿಚಾರಿಸಿ.

ಇದನ್ನೆಲ್ಲ ಸ್ಲೈಡುಗಳಲ್ಲಿ ತೋರಿಸಿ ಕಲಿಸಲಾಗದು. ಪಾತ್ರ ಹಂಚಿಕೊಂಡು ಅಭಿನಯಿಸುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ನರ್ಸ್ ಒಬ್ಬರು ಕಣ್ಣಿಗೆ ಮಂಜುಗನ್ನಡಕ, ಕಿವಿಗೆ ಹತ್ತಿ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತು, ಇನ್ನಿಬ್ಬರು ಏನೂ ಹೇಳದೆ ಹಿಂದಿನಿಂದ ಬಂದು ಎಬ್ಬಿಸಿದಾಗ ಕೈ ತಾನಾಗಿಯೇ ಮೇಲೇಳುತ್ತದೆ. ಅನಂತರ ಹೊಡೆತದ ಕುರಿತ ಚರ್ಚೆ ಬೇರೆಯೇ ಧಾಟಿ ಹಿಡಿಯುತ್ತದೆ. ಅಂದಹಾಗೆ, ದಿನವೂ ಪೂರ್ತಿ ಸ್ನಾನ ಆಗಲೇಬೇಕೇ ಎಂಬುದನ್ನೂ ಕೇಳಿಕೊಳ್ಳಿ; ಇಬ್ಬರು ಹಿಡಿದು ಮಾಡಿಸುವ ಸ್ನಾನಕ್ಕಿಂತ ಮಂಚದಲ್ಲೇ ಬೆಚ್ಚಗಿನ ಬಟ್ಟೆಯಿಂದ ಮೈ ಒರೆಸುವುದು ಹಲವು ದಿನ ಸಾಕಾಗುತ್ತದೆ.

ಪ್ರಶ್ನೆ: ಎರಡು ವರ್ಷ ನೋಡಿಕೊಂಡವರು ತೀರಿಕೊಂಡರು. ಅದೇ ಮಧ್ಯಾಹ್ನ ಆ ಮಂಚಕ್ಕೆ ಬೇರೆಯವರು ಬಂದರು. ಅಳುವುದು ವೃತ್ತಿಗೆ ತಕ್ಕುದಲ್ಲ ಎಂದು ಹಿರಿಯರೊಬ್ಬರು ಹೇಳಿದರು. ನಿಜವೇ?

ಉತ್ತರ: ನಿಜವಲ್ಲ. ಆಸ್ಪತ್ರೆಯಲ್ಲಿ ರೋಗಿ ಕೆಲವು ದಿನ ಇದ್ದು ಹೋಗುತ್ತಾರೆ. ನಿಮ್ಮಲ್ಲಿ ಅವರ ಇಷ್ಟಾನಿಷ್ಟ, ಮಕ್ಕಳ ಹೆಸರು, ಯಾವ ಮಗ್ಗುಲಲ್ಲಿ ಮಲಗಿದರೆ ನಿದ್ರೆ ಬರುತ್ತದೆ ಎಂಬುದೆಲ್ಲ ತಿಳಿದಿರುತ್ತದೆ. ಅಷ್ಟು ಬಲ್ಲವರು ಹೋದಾಗ ದುಃಖವಾಗದಿದ್ದರೆ ಆರೈಕೆಯಲ್ಲೇ ಏನೋ ಕೊರತೆಯಿತ್ತೆನ್ನಬೇಕು. ಮಾರ್ಗದರ್ಶಕರು ಇಂಥ ಸಾವಾದ ಒಂದೆರಡು ದಿನಗಳಲ್ಲಿ ನಿಮ್ಮೊಡನೆ ಕುಳಿತು, ಕೊನೆಯ ದಿನಗಳಲ್ಲಿ ಏನು ಚೆನ್ನಾಗಿ ನಡೆಯಿತು, ನೋವು ಹಿಡಿತದಲ್ಲಿತ್ತೇ, ಮನೆಯವರಿಗೆ ಸಮಯಕ್ಕೆ ತಿಳಿಸಲಾಯಿತೇ, ನಿಮ್ಮ ಮನಸ್ಸಿನಲ್ಲಿ ಉಳಿದಿರುವುದೇನು ಎಂದು ಕೇಳಬೇಕು. ಹಾಗೆ ಕೇಳುವವರು ನಿಮ್ಮಲ್ಲಿ ಇಲ್ಲದಿದ್ದರೆ ಸಹೋದ್ಯೋಗಿಗಳೇ ಸೇರಿ ಆ ಪದ್ಧತಿ ಆರಂಭಿಸಬಹುದು. ನಿದ್ರೆ ಕೆಡುವುದು, ನಿವಾಸಿಗಳ ಬಗ್ಗೆ ಏನೂ ಅನ್ನಿಸದಿರುವುದು, ಡ್ಯೂಟಿಗೆ ಹೊರಡುವಾಗಲೇ ಎದೆ ಭಾರವಾಗುವುದು ವಾರಗಟ್ಟಲೆ ಮುಂದುವರಿದರೆ, ಅದು ಮಾರ್ಗದರ್ಶಕರ ಮಿತಿ ಮೀರಿದ್ದು. ಆಪ್ತಸಮಾಲೋಚಕರನ್ನು ಅಥವಾ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನಮ್ಮ ಸಂಸ್ಥೆಯ ಎಲ್ಲ ನರ್ಸ್‌ಗಳೂ ಆನ್‌ಲೈನ್ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದಿದ್ದಾರೆ. ಆದರೂ ಹಾಸಿಗೆ ಹುಣ್ಣು, ಬೀಳುವುದು ಕಡಿಮೆಯಾಗಿಲ್ಲ. ತರಬೇತಿ ಫಲಿಸಿತೇ ಇಲ್ಲವೇ ಎಂದು ಅಳೆಯುವುದು ಹೇಗೆ?

ಉತ್ತರ: ಪ್ರಮಾಣಪತ್ರ ಹೇಳುವುದು ಪರದೆಯ ಮುಂದೆ ಕುಳಿತದ್ದನ್ನು. ಹಾಸಿಗೆ ಹುಣ್ಣಿನ ಅಪಾಯವನ್ನು ಮೊದಲೇ ಅಂದಾಜಿಸುವ ಅಂಕಪಟ್ಟಿಯನ್ನು ಬ್ರಿಟನ್ನಿನ ನರ್ಸ್ ಡೋರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲೇ ಕೊಟ್ಟರು. ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಅಂಗಾಂಗಗಳ ಚಲನೆ, ಮಲಮೂತ್ರಗಳ ಹಿಡಿತ ಎಂಬ ಐದು ಅಂಶಗಳಿಗೆ ಒಟ್ಟು ಇಪ್ಪತ್ತು ಅಂಕ, ಹದಿನಾಲ್ಕು ಅಥವಾ ಕಡಿಮೆಯಾದರೆ ಅಪಾಯ. ನಿಮ್ಮ ಫೈಲುಗಳಲ್ಲಿ ಇಂಥ ಅಂಕಗಳು ಅಚ್ಚುಕಟ್ಟಾಗಿಯೇ ಇರಬಹುದು. ನೋಡಬೇಕಾದ್ದು ಅದರ ಮುಂದಿನದನ್ನು: ಹನ್ನೆರಡು ಅಂಕ ಬಂದವರ ಹಿಮ್ಮಡಿಯನ್ನು ಯಾರಾದರೂ ಇಂದು ಕಾಲುಚೀಲ ತೆಗೆದು ನೋಡಿದರೇ, ಮಗ್ಗುಲು ಬದಲಿಸಿದ ಹೊತ್ತು ಆಗಿಂದಾಗಲೇ ದಾಖಲಾಗಿದೆಯೇ, ಅಥವಾ ಪಾಳಿಯ ಕೊನೆಗೆ ಒಂದೇ ಪೆನ್ನಿನಲ್ಲಿ ಎಲ್ಲವನ್ನೂ ತುಂಬಲಾಗಿದೆಯೇ?

ವರ್ಷಕ್ಕೆ ಇಪ್ಪತ್ತು ವಿಷಯ ಮುಗಿಸುವ ಗುರಿ ಬಿಟ್ಟು, ಮೂರು ತಿಂಗಳಿಗೆ ಒಂದೇ ವಿಷಯ ಹಿಡಿಯಿರಿ. ಬೀಳುವುದೇ ಆ ವಿಷಯವಾಗಿದ್ದರೆ, ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಸಮಯದಲ್ಲಿ ಒಬ್ಬ ನಿವಾಸಿಯ ಮಂಚದ ಪಕ್ಕ ಹತ್ತು ನಿಮಿಷ ನಿಂತು ಚರ್ಚಿಸಿ. ಮಲಗಿದ್ದಾಗಿನ ಬಿ.ಪಿ.ಗೂ ಎದ್ದುನಿಂತ ಮೂರು ನಿಮಿಷದೊಳಗಿನ ಬಿ.ಪಿ.ಗೂ ಮೇಲಿನ ಅಂಕೆಯಲ್ಲಿ 20 ಅಥವಾ ಕೆಳಗಿನದರಲ್ಲಿ 10ರಷ್ಟು ಇಳಿತವಿದೆಯೇ ಎಂದು ಅಲ್ಲೇ ಅಳೆದು ತೋರಿಸಿ. ರಾತ್ರಿ ಶೌಚಾಲಯಕ್ಕೆ ಏಳುವ ಹೊತ್ತು ಯಾವುದೆಂದು ಆಯಾಗಳನ್ನು ಕೇಳಿ. ನರ್ಸ್‌ಗಳಿಗಿಂತ ಅವರಿಗೇ ಹೆಚ್ಚು ಗೊತ್ತಿರುತ್ತದೆ. ಅವರನ್ನು ಹೊರಗಿಟ್ಟು ನಡೆಸುವ ತರಬೇತಿ ಅರ್ಧ ತರಬೇತಿ.

ಅಳೆಯುವಾಗ ಒಂದು ಎಚ್ಚರಿಕೆ ಬೇಕು. ತರಬೇತಿ ಚೆನ್ನಾಗಿ ನಡೆದ ಮೊದಲ ತಿಂಗಳುಗಳಲ್ಲಿ ಬಿದ್ದವರ ಸಂಖ್ಯೆ ದಾಖಲೆಯಲ್ಲಿ ಏರಬಹುದು, ಏಕೆಂದರೆ ಮೊದಲು ಮುಚ್ಚಿಡುತ್ತಿದ್ದದ್ದನ್ನು ಈಗ ಬರೆಯುತ್ತಾರೆ. ಆಗ ನೋಟಿಸ್ ಕೊಟ್ಟರೆ ಸಂಖ್ಯೆ ಮತ್ತೆ ಇಳಿಯುತ್ತದೆ, ಬೀಳುವುದು ಇಳಿಯುವುದಿಲ್ಲ. ಆದ್ದರಿಂದ ಬಿದ್ದವರ ಲೆಕ್ಕದ ಜೊತೆಗೆ, ಬಿದ್ದು ಮೂಳೆ ಮುರಿದವರೆಷ್ಟು, ಕಟ್ಟಿಹಾಕಿದ ನಿವಾಸಿಗಳೆಷ್ಟು, ನಿದ್ರೆಮಾತ್ರೆ ಪಡೆಯುತ್ತಿರುವವರೆಷ್ಟು ಎಂಬುದನ್ನೂ ನೋಡಿ. ಮಂಚಕ್ಕೆ ಕಟ್ಟಿಹಾಕಿ ಬೀಳುವುದನ್ನು ಕಡಿಮೆ ಮಾಡಿದೆವೆಂದು ಹೇಳಿಕೊಳ್ಳುವ ಕೇಂದ್ರದಲ್ಲಿ ತರಬೇತಿಯೇ ಆಗಿಲ್ಲ.

ಪ್ರಶ್ನೆ: ನಿವೃತ್ತಿಗೆ ಎರಡು ವರ್ಷವಿದೆ. ಸೊಂಟನೋವಿನಿಂದ ಎತ್ತುವ ಕೆಲಸ ಆಗುತ್ತಿಲ್ಲ. ನಾನು ಮಾರ್ಗದರ್ಶಕಿಯಾಗಬಹುದೇ?

ಉತ್ತರ: ಆಗಬಹುದು, ಆಗಬೇಕು. ಆದರೆ ಕಚೇರಿಯ ಮೇಜಿನ ಹಿಂದೆ ಕುಳಿತು ಕಲಿಸುವ ಹುದ್ದೆಯನ್ನು ಒಪ್ಪಿಕೊಳ್ಳಬೇಡಿ. ಹೊಸಬರ ಜೊತೆ ರೌಂಡ್ಸ್‌ಗೆ ಹೋಗುವಂತೆ, ಎತ್ತುವ ಕೆಲಸ ಮಾತ್ರ ನಿಮ್ಮ ಪಾಲಿಗೆ ಬಾರದಂತೆ ಲಿಖಿತವಾಗಿ ಕೇಳಿಕೊಳ್ಳಿ. ಎತ್ತುವ ಯಂತ್ರ, ಜಾರುಹಲಗೆ ಬಳಸುವ ಸರಿಯಾದ ಕ್ರಮವನ್ನೂ ನೀವೇ ನಿಂತು ಹೇಳಿಕೊಡಿ. ಅವುಗಳನ್ನು ಬಳಸದೆ ಅವಸರದಲ್ಲಿ ಕೈಯಿಂದಲೇ ಎತ್ತುವ ಯುವ ನರ್ಸ್‌ಗಳಿಗೆ ನಿಮ್ಮ ಮಾತು ನಾಟುವಷ್ಟು ಬೇರೆಯವರದು ನಾಟಲಿಕ್ಕಿಲ್ಲ.